ಗದಿಗೆಪ್ಪನವರಿಗೊಬ್ಬ ಅಪ್ಪ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹಿತ್ತಾಳೆಯ ಕಪ್ಪು. ಧಾರವಾಡದಲ್ಲಿ ಓದುವಾಗ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಪಂಚಾಕ್ಷರಿ ಅದನ್ನು ಗೆದ್ದಿದ್ದ. ಈಗ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್ಕಿನ ಅಪಾರ್ಟ್‌ಮೆಂಟಿನಲ್ಲಿ ಅವನ ಹೆಂಡತಿ ಅನುಶ್ರೀ ಅದರೊಳಗೆ ಹೇರ್‌ಪಿನ್ನು, ಸೇಫ್ಟಿ ಪಿನ್ನು ಹಾಕಿಡುತ್ತಿದ್ದಳು. ಅದು ಅಲ್ಲಿಯೇ ಪಿನ್ನು ಕಾಯುತ್ತ ಕೂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ೨೦೦೪ರ ಆಗಸ್ಟಿನ ಒಂದು ಭಾನುವಾರ, ಅವನ ಕಂಪನಿಯ ಮಾಲೀಕರಾದ ಗದಿಗೆಪ್ಪನವರು ಚಹಾಕ್ಕೆ ಬಂದವರು ಅದನ್ನು ಎತ್ತಿ, ತಿರುವಿ, ಕನ್ನಡಕ ಏರಿಸಿ, ಕೆಳಗೆ ಕೆತ್ತಿದ್ದನ್ನು ಓದಿಬಿಟ್ಟರು.

“ಭಾಷಣಕ್ಕ ಕೊಟ್ಟಾರೇನು ಇದನ್ನ?”

“ಹೌದು ಸರ. ಭಾಳ ಹಿಂದಿನ ಮಾತು.”

ಗದಿಗೆಪ್ಪನವರು ಕಪ್ಪನ್ನು ಕೆಳಗಿಡಲಿಲ್ಲ. ಹಿಂದಿನ ತಿಂಗಳು ಬೋಸ್ಟನ್ನಿನಲ್ಲಿ ನಡೆದ ಅಮೆರಿಕದ ದೊಡ್ಡ ಪಕ್ಷವೊಂದರ ಸಮಾವೇಶವನ್ನು ಅವರು ಟಿವಿಯಲ್ಲಿ ನೋಡಿದ್ದರು. ದೇಶದ ಅಧ್ಯಕ್ಷ ಪದವಿಗೆ ನಿಂತವನು ಏನು ಹೇಳಿದನೆಂಬುದು ಅವರಿಗೆ ನೆನಪಿರಲಿಲ್ಲ. ನೆನಪಿದ್ದುದು ನಡುವೆ ಬಂದು ಹದಿನೇಳು ನಿಮಿಷ ಮಾತಾಡಿ ಹೋದ ಒಬ್ಬ ತೆಳ್ಳಗಿನ ಮನುಷ್ಯ. ಹಿಂದಿನ ದಿನದವರೆಗೆ ಅವನ ಹೆಸರು ಹೇಳಲು ಟಿವಿಯವರಿಗೇ ನಾಲಿಗೆ ತಿರುಗುತ್ತಿರಲಿಲ್ಲ. ಮರುದಿನ, ಇವನು ಇವತ್ತಲ್ಲ ನಾಳೆ ವೈಟ್ ಹೌಸಿಗೆ ಹೋಗುವವನೇ ಎಂದು ಅದೇ ಟಿವಿಯವರು ಬಾಯಿ ನೋಯುವವರೆಗೆ ಹೇಳಿದರು. ಒಂದೇ ಒಂದು ಭಾಷಣ. ಅಂದಿನಿಂದ ಗದಿಗೆಪ್ಪನವರಿಗೆ ನಿದ್ದೆಯಿಲ್ಲ. ನವೆಂಬರಿನಲ್ಲಿ ಅವರೂ ಅಧ್ಯಕ್ಷ ಪದವಿಗೆ ನಿಲ್ಲುವವರಿದ್ದರು. ಅಮೆರಿಕದ್ದಲ್ಲ, ರಾರಿಟನ್ ಕನ್ನಡ ಬಳಗದ್ದು. ಸದಸ್ಯರ ಸಂಖ್ಯೆ ನಾನೂರ ಹನ್ನೊಂದು.

“ನನಗೂ ಅಂಥಾದ್ದೊಂದು ಬರದು ಕೊಡು,” ಎಂದರು. “ನಾ ಗೆದ್ದ್ರ, ಸೋಮವಾರ ಮುಂಜಾನೆ ನಿನ್ನ ಫೈಲಿಗೆ ಸಹಿ.”

ಒಳಗೆ ಚಹಾ ಸೋಸುತ್ತಿದ್ದ ಅನುಶ್ರೀಯ ಕೈ ನಿಂತಿತು.

ಅಜ್ಜಿಯರ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಪಂಜರದ ಗಿಳಿಯೊಳಗೆ ಇರುತ್ತದೆ. ಪಂಚಾಕ್ಷರಿ ರಾಕ್ಷಸನಲ್ಲ, ಬಾಗಿಲಿಗೆ ಢಿಕ್ಕಿ ಹೊಡೆದರೆ ಬಾಗಿಲಿಗೇ ಸಾರಿ ಹೇಳುವ ಪ್ರಾಣಿ. ಆದರೂ ಅವನ ಪ್ರಾಣ ಮಲಪ್ರಭಾ ಸಿಸ್ಟಮ್ಸ್ ಎಂಬ ಕಂಪನಿಯ ಮೂರನೇ ಡ್ರಾಯರಿನಲ್ಲಿ, ಒಂದು ಹಸಿರು ಫೈಲಿನಲ್ಲಿತ್ತು. ಅದು ಅವನ ಗ್ರೀನ್ ಕಾರ್ಡಿನ ಮೊದಲ ಅರ್ಜಿ. ಪೇಪರಿನಲ್ಲಿ ಜಾಹೀರಾತು ಕೊಟ್ಟಾಗಿತ್ತು, ಲಾಯರು ಟೈಪು ಮಾಡಿಸಿಟ್ಟಾಗಿತ್ತು, ಮಾಲೀಕರ ಸಹಿಯೊಂದೇ ಬಾಕಿ. ಆ ಸಹಿ ಎರಡು ವರ್ಷದಿಂದ ಮುಂದಿನ ವಾರ ಆಗುತ್ತಲೇ ಇತ್ತು. ವೀಸಾದ ಆರು ವರ್ಷದಲ್ಲಿ ಐದು ತೀರುತ್ತ ಬಂದಿತ್ತು. ಈ ನವೆಂಬರ್ ಮೂವತ್ತರೊಳಗೆ ಅರ್ಜಿ ಹೋದರೆ ಬಚಾವು. ಹೋಗದಿದ್ದರೆ ಮುಂದಿನ ವರ್ಷ ಗಂಟುಮೂಟೆ. ಡ್ರಾಯರಿನ ಬೀಗದ ಕೈ ಇದ್ದುದು ಕಂಪನಿಯ ಎಚ್ಆರ್ ಮ್ಯಾನೇಜರ್ ಶೈಲಮ್ಮನವರ ಬಳಿ. ಶೈಲಮ್ಮನವರು ಗದಿಗೆಪ್ಪನವರ ಧರ್ಮಪತ್ನಿ.

ಪಂಚಾಕ್ಷರಿ ಭಾಷಣ ಬರೆದ. ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ ಎರಡು. ದೇಶದ ಚುನಾವಣೆ ಮುಗಿದು ಹನ್ನೊಂದನೆಯ ದಿನ, ಶನಿವಾರ, ಬಳಗದ ರಾಜ್ಯೋತ್ಸವವೂ ಚುನಾವಣೆಯೂ ಒಟ್ಟಿಗೇ ಬಂದವು. ಅಂದು ಬೆಳಗ್ಗೆ ಆರೂವರೆಗೆ ಫೋನು ಬಂತು. ಭಾಷಣ ಸಪ್ಪಗಿದೆ, ಕೂಡಲೇ ಬಾ.

ಮನ್ರೋದಲ್ಲಿ ಗದಿಗೆಪ್ಪನವರ ಹೊಸ ಮನೆ. ಅದರ ಮುಂಬಾಗಿಲು ಹುಬ್ಬಳ್ಳಿಯ ಬಸ್ ಡಿಪೋದ ಗೇಟಿಗಿಂತ ಎತ್ತರವಿತ್ತು. ಒಳಗೆ ಬದರಿ ಆಗಲೇ ಬಂದು ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಬದರಿ ಪಂಚಾಕ್ಷರಿಯ ಮೇಲಿನ ಮಹಡಿಯವನು, ಅದೇ ಕಂಪನಿಯವನು, ಅದೇ ಡ್ರಾಯರಿನಲ್ಲಿ ಅವನದೂ ಒಂದು ಫೈಲಿತ್ತು. ಯಾರೂ ನೇಮಿಸದಿದ್ದರೂ ಅವನು ಈ ಚುನಾವಣೆಯ ಪ್ರಚಾರಾಧ್ಯಕ್ಷನಾಗಿದ್ದ. ಮದುವೆಮನೆಯಲ್ಲಿ ಯಾರ ಕಡೆಯವನೆಂದು ಗೊತ್ತಾಗದೆ ಎಲ್ಲರಿಗೂ ಪಾನಕ ಹಂಚುವವನ ಹಾಗೆ ಅವನ ಓಡಾಟ.

ಗದಿಗೆಪ್ಪನವರು ಕಾಗದಗಳನ್ನು ಮೇಜಿನ ಮೇಲೆ ಹರಡಿದರು. “ಎಲ್ಲಾ ಐತಿ. ನಾಡು ಐತಿ, ನುಡಿ ಐತಿ, ಕಾವೇರಿಯಿಂದ ಗೋದಾವರಿ ತನಕಾ ಐತಿ. ಅಳು ಎಲ್ಲೈತಿ?”

ಪಂಚಾಕ್ಷರಿ ಅಳುವಿಗಾಗಿ ಮೂರು ತಿಂಗಳಿನಿಂದ ಅವರ ಬದುಕನ್ನು ಕೆದಕಿ ನೋಡಿದ್ದ. ಸಿಕ್ಕಿರಲಿಲ್ಲ. ಅವರು ಎಂಬತ್ನಾಲ್ಕರಲ್ಲಿ ಬಂದಿಳಿದಾಗ ಭಾವಮೈದುನ ಕಾರು ತಂದು ಏರ್‌ಪೋರ್ಟಿನಲ್ಲಿ ಕಾದಿದ್ದ. ಮೊದಲ ಚಳಿಗಾಲಕ್ಕೆ ಮಾವನೇ ಕೋಟು ಕಳಿಸಿದ್ದರು.

“ಬೋಸ್ಟನ್ನಿನಾಂವ ನೋಡು,” ಎಂದರು ಗದಿಗೆಪ್ಪನವರು ನೊಂದ ದನಿಯಲ್ಲಿ. “ನಮ್ಮಪ್ಪ ಸಣ್ಣಾಂವ ಇದ್ದಾಗ ಆಡು ಕಾಯ್ತಿದ್ದ ಅಂದ. ಇಡೀ ದೇಶ ಎದ್ದು ನಿಂತಿತು. ನಮ್ಮಪ್ಪ ಏನು ಕಾಯ್ತಿದ್ದ? ಗದಗಿನಾಗ ನಮ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಗಲ್ಲಾ ಕಾಯ್ತಿದ್ದ. ಯಾರ ಅಳ್ತಾರ ಅದಕ್ಕ?”

ಯಾರೂ ಅಳುವುದಿಲ್ಲವೆಂದು ಶೈಲಮ್ಮನವರೂ ಒಪ್ಪಿದರು. ಬದರಿ ಉಪ್ಪಿಟ್ಟಿನ ನಡುವೆ, ಹಾಗಾದರೆ ಈ ಸಲ ಈಗಿನ ಅಧ್ಯಕ್ಷ ಡಾಕ್ಟರ್ ಶಿವರಾಮ್ ಅವರೇ ಮತ್ತೆ ಗೆಲ್ಲುವುದು, ನಾಲ್ಕನೇ ಸಲ, ಎಂದು ಗೊಣಗಿದ. ಪಂಚಾಕ್ಷರಿಯ ಕಣ್ಣ ಮುಂದೆ ಮೂರನೇ ಡ್ರಾಯರು ತಾನಾಗಿಯೇ ಮುಚ್ಚಿಕೊಂಡಿತು. ಆಗ ಅವನ ಬಾಯಿಂದ, ಅವನನ್ನು ಕೇಳದೆಯೇ, ಆ ಮಾತು ಜಾರಿತು.

“ನಮ್ಮಪ್ಪ ಕಂಡಕ್ಟರ್ ಇದ್ದರು ಸರ.”

ಮೂವರೂ ಅವನತ್ತ ತಿರುಗಿದರು.

“ಹುಬ್ಬಳ್ಳಿ ಕುಷ್ಟಗಿ ಬಸ್ಸು. ಮೂವತ್ತೊಂದು ವರ್ಷ. ಎಲ್ಲಾರನ್ನೂ ಅವರವರ ಊರಿಗೆ ಮುಟ್ಟಿಸಿದರು. ತಾವು ಮಾತ್ರ ಎಲ್ಲಿಗೂ ಹೋಗಲಿಲ್ಲ.”

ಗದಿಗೆಪ್ಪನವರ ಕಣ್ಣು ಹೊಸ ಬಲ್ಬಿನ ಹಾಗೆ ಹೊತ್ತಿಕೊಂಡಿತು. ಮುಂದೆ ಹೇಳು ಎಂದರು. ಪಂಚಾಕ್ಷರಿ ಹೇಳಿದ. ಅಪ್ಪನ ಚರ್ಮದ ಚೀಲದ ವಾಸನೆ, ಬಲ ಹೆಗಲು ಸ್ವಲ್ಪ ಕೆಳಗಿಳಿದಿದ್ದುದು, ನಿದ್ದೆಯಲ್ಲಿಯೂ ಒಮ್ಮೊಮ್ಮೆ “ರೈಟ್” ಅನ್ನುತ್ತಿದ್ದುದು. ಕಳೆದ ಮಾರ್ಚಿನಲ್ಲಿ ತೀರಿಕೊಂಡರು, ತಾನು ಮಣ್ಣಿಗೆ ಹೋಗಲಾಗಲಿಲ್ಲ ಎಂದೂ ಹೇಳಿದ. ಹೇಳಬಾರದಿತ್ತು.

“ಯಾಕ ಹೋಗಲಿಲ್ಲ?”

“ರಜಾ ಸಿಗಲಿಲ್ಲ ಸರ. ಪ್ರಾಜೆಕ್ಟ್ ರಿಲೀಸ್ ಇತ್ತು. ಹೊಳ್ಳಿ ಬರಾಕ ವೀಸಾ ಸ್ಟ್ಯಾಂಪಿಂಗಿಗೆ ಬೇಕಾದ ಪತ್ರಾನೂ ಕಂಪನಿ ಕೊಡಲಿಲ್ಲ.”

“ಅಪ್ಪ ಸತ್ತಾಗ ರಜಾ ಕೊಡದ ಕಂಪನಿ? ಎಂಥಾ ಕಟುಕರಪಾ,” ಎಂದರು ಗದಿಗೆಪ್ಪನವರು. ನಿಜವಾಗಿಯೂ ನೊಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಪಂಚಾಕ್ಷರಿ ಅಮೆರಿಕಕ್ಕೆ ಬಂದಾಗಿನಿಂದ ಕೆಲಸ ಮಾಡಿದ್ದು ಒಂದೇ ಕಂಪನಿಯಲ್ಲಿ. ಅವನು ಶೈಲಮ್ಮನವರನ್ನು ನೋಡಿದ. ಅವರು ಸಕ್ಕರೆ ಹಾಕದ ಚಹಾವನ್ನು ಬಹಳ ಹೊತ್ತು ಕಲಕಿದರು.

ಅಲ್ಲಿಗೆ ವ್ಯವಹಾರ ಮುಗಿಯಿತು. ಗದಗಿನ ಮಿಲ್ಲಿನ ಸಂಗತಿ ಗೊತ್ತಿದ್ದವರು ಯಾರಾದರೂ ಬಂದರೆ, ಎಂದು ಶೈಲಮ್ಮನವರು ಒಂದು ಮಾತು ಎತ್ತಿದರು. ಗದಗಿನ ಮಿಲ್ಲು ನ್ಯೂಜೆರ್ಸಿಗೇನು ಗೊತ್ತು ಎಂದು ಗಂಡ ಬಾಯಿ ಮುಚ್ಚಿಸಿದರು. ಇನ್ನುಳಿದದ್ದು ಓದುವ ಬಗೆ. ಗದಿಗೆಪ್ಪನವರಿಗೆ ಇಷ್ಟನ್ನು ಬಾಯಿಪಾಠ ಮಾಡಲು ಸಮಯವಿಲ್ಲ. ಕಾಗದ ನೋಡಿ ಓದಲು ಮನಸ್ಸಿಲ್ಲ, ಬೋಸ್ಟನ್ನಿನವನು ಕಾಗದ ನೋಡಿರಲಿಲ್ಲ. ಬದರಿ ಉಪಾಯ ಹೇಳಿದ. ದಪ್ಪ ರಟ್ಟಿನ ಬೋರ್ಡುಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದು, ವೇದಿಕೆಯ ಕೆಳಗೆ ವಾದ್ಯದವರು ಕೂರುವ ತಗ್ಗಿನಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ಎತ್ತಿ ಹಿಡಿಯುವುದು. ಒಬ್ಬ ಅಂದರೆ ಯಾರೆಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಪಂಚಾಕ್ಷರಿ ತನ್ನ ಮನೆಯ ಕಾರ್ಪೆಟ್ಟಿನ ಮೇಲೆ ಹದಿನಾಲ್ಕು ಬೋರ್ಡು ಹರಡಿಕೊಂಡು ಕಪ್ಪು ಮಾರ್ಕರಿನಲ್ಲಿ ಬರೆಯುತ್ತಿದ್ದ. ಆರು ವರ್ಷದ ಮಗಳು ಸನ್ನಿಧಿ ಸುತ್ತ ಕುಣಿಯುತ್ತಿದ್ದಳು. ರಾಜ್ಯೋತ್ಸವಕ್ಕೆಂದು ಇಸ್ತ್ರಿ ಮಾಡಿದ ಸೀರೆ ತೋಳಿನ ಮೇಲೆ ಹಾಕಿಕೊಂಡು ಬಂದ ಅನುಶ್ರೀ ಏಳನೆಯ ಬೋರ್ಡಿನ ಬಳಿ ನಿಂತಳು. ಓದಿದಳು. ಎಂಟನೆಯದನ್ನೂ ಓದಿದಳು.

“ಅಪ್ಪನ್ನೂ ಕೊಟ್ಟುಬಿಟ್ರಾ?”

ಅವನು ತಲೆ ಎತ್ತಲಿಲ್ಲ. ಇದು ಬರೀ ಭಾಷಣ, ಮಾತು ಮುಗಿದ ಮೇಲೆ ಯಾರು ನೆನಪಿಟ್ಟುಕೊಳ್ಳುತ್ತಾರೆ, ಸೋಮವಾರ ಸಹಿ ಬಿದ್ದರೆ ನೀನೂ ಒಂದು ದಿನ ಕೆಲಸಕ್ಕೆ ಹೋಗಬಹುದು ಎಂದೆಲ್ಲ ಹೇಳಿದ. ತುಮಕೂರಿನಲ್ಲಿ ನಾಲ್ಕು ವರ್ಷ ಲೆಕ್ಚರರ್ ಆಗಿದ್ದವಳು ಅವಳು. ಗಂಡನ ವೀಸಾದ ಮೇಲೆ ಬಂದವಳಿಗೆ ಇಲ್ಲಿ ಕೆಲಸ ಮಾಡುವಂತಿರಲಿಲ್ಲ, ಐದು ವರ್ಷದಿಂದ ಈ ಕಾರ್ಪೆಟ್ಟನ್ನೇ ಗುಡಿಸುತ್ತಿದ್ದಳು.

“ನನಗೆ ಕೆಲಸ ಬೇಕು,” ಎಂದಳು. “ಆದ್ರೆ ಮಾವನೋರು ನನಗೆ ಫೋನಲ್ಲಿ ಕಡೇ ಸಲ ಏನಂದ್ರು ಗೊತ್ತಾ? ಅವನಿಗೆ ಬರ್ಲಿಕ್ಕೆ ಹೇಳ್ಬೇಡಮ್ಮ, ಸೀಟು ಹೋದೀತು ಅಂದ್ರು. ಅದನ್ನೂ ಬರೆದಿದೀರಾ?”

ಅವನು ಒಂಬತ್ತನೆಯ ಬೋರ್ಡನ್ನು ಮೊಣಕಾಲಿನಿಂದ ಮುಚ್ಚಿದ. ಅದನ್ನು ಬರೆದಾಗಿತ್ತು.

ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ ನಾಲ್ಕು ಗಂಟೆಗೇ ತುಂಬಿತು. ಬಳಗದಲ್ಲಿ ಒಂದು ಪದ್ಧತಿ. ಮೊದಲು ನಾಡಗೀತೆ, ಆಮೇಲೆ ಮಕ್ಕಳ ಕುಣಿತ, ಆಮೇಲೆ ಚುನಾವಣೆ, ಕೊನೆಗೆ ಊಟ. ಊಟ ಮೊದಲಿಟ್ಟರೆ ಮತ ಹಾಕಲು ಯಾರೂ ಉಳಿಯುವುದಿಲ್ಲವೆಂಬುದು ಸಂಸ್ಥಾಪಕರ ಅನುಭವ. ಹಾಗಾಗಿ ಅಭ್ಯರ್ಥಿಗಳ ಭಾಷಣಕ್ಕೆ ಪ್ರತಿವರ್ಷವೂ ಬಿಸಿಬೇಳೆಬಾತಿನ ಘಮವೇ ಎದುರಾಳಿ. ಇದುವರೆಗೆ ಯಾರೂ ಅದನ್ನು ಸೋಲಿಸಿರಲಿಲ್ಲ.

ಬದರಿ ಸಾಲುಸಾಲಾಗಿ ಓಡಾಡಿ, ಇವತ್ತು ಟಿಶ್ಯೂ ಹತ್ತಿರ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳಿ ಬಂದಿದ್ದ. ಪಂಚಾಕ್ಷರಿ ತಗ್ಗಿನಲ್ಲಿಳಿದು, ಹೊಸ ಜುಬ್ಬಾದಲ್ಲಿ, ಬೋರ್ಡುಗಳನ್ನು ಎದೆಗಪ್ಪಿ ಕುಕ್ಕರುಗಾಲಲ್ಲಿ ಕೂತ. ಅವನ ತಲೆಯ ಮೇಲೆ ಡಾಕ್ಟರ್ ಶಿವರಾಮ್ ಅವರ ಬೂಟಿನ ತುದಿ ಕಾಣುತ್ತಿತ್ತು.

ಶಿವರಾಮ್ ಮೈಸೂರಿನವರು. ಬಾಸ್ಕಿಂಗ್ ರಿಡ್ಜಿನಲ್ಲಿ ಅಳಿಯ ಶ್ರೀನಿಯ ಮನೆಯ ಪಕ್ಕದಲ್ಲೇ ಮನೆ. ಶ್ರೀನಿಯದು ಮಲಪ್ರಭಾದಂಥ ನಾಲ್ಕು ಕಂಪನಿಗಳನ್ನು ನುಂಗಿದ ಕಂಪನಿ, ಐದನೆಯದಾಗಿ ಮಲಪ್ರಭಾವನ್ನೇ ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿತ್ತು. ಗದಿಗೆಪ್ಪನವರು ಒಪ್ಪಿರಲಿಲ್ಲ. ಶಿವರಾಮ್ ಮೆಲ್ಲಗೆ, ನಗುನಗುತ್ತ, ಮಗುವಿಗೆ ಇಂಜೆಕ್ಷನ್ ಕೊಡುವವರಂತೆ ಮಾತಾಡಿದರು.

“ನಮ್ಮ ಗದಿಗೆಪ್ಪನವರು ಬಹಳ ದೊಡ್ಡ ಮನುಷ್ಯರು. ಕಂಪನಿ ನಡೆಸ್ತಾರೆ. ಬಿಡುವಿಲ್ಲ ಪಾಪ. ಅವರ ಹುಡುಗರೇ ಒಂದು ಸಹಿಗೆ ವರ್ಷಗಟ್ಟಲೆ ಕಾಯ್ತಾರಂತೆ. ನಾನು ರಿಟೈರ್ ಆದವನು. ನನ್ನ ಹತ್ರ ಇರೋದು ಟೈಮ್ ಒಂದೇ. ಅದನ್ನ ನಿಮಗೆ ಕೊಡ್ತೀನಿ.”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಪಂಚಾಕ್ಷರಿ ಬೋರ್ಡುಗಳನ್ನು ತಿರುವಿ ನೋಡಿದ. ಹದಿನಾಲ್ಕು ಬೋರ್ಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಪ್ಪ ಎಷ್ಟು ಬಸ್ಸು ಹತ್ತಿದರೂ ಮಗನಿಗೆ ಬಿಡುವಿಲ್ಲವೆಂಬುದು ಬಿಡುವಿಲ್ಲವೇ. ಗದಿಗೆಪ್ಪನವರು ಮೈಕಿನ ಹತ್ತಿರ ಬರುವಷ್ಟರಲ್ಲಿ ಅವನು ಕೊನೆಯ ಬೋರ್ಡನ್ನು ಮಗುಚಿ, ತೊಡೆಯ ಮೇಲಿಟ್ಟು, ಹಿಂಬದಿಯಲ್ಲಿ ಗೀಚಿದ. ಕಂಪನಿಯೋ ಬಳಗವೋ ಎಂದು ನೀವು ಕೇಳಬಹುದು. ಬಳಗ. ನೀವು ನನ್ನನ್ನು ಆರಿಸಿದರೆ ಇವತ್ತೇ ನಾನು ಕಂಪನಿಯನ್ನು ಬಿಡುತ್ತೇನೆ. ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದವನು ಅವನು. ವೇದಿಕೆಯ ಮಾತನ್ನು ಯಾರೂ ಮನೆಗೆ ಒಯ್ಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾಷಣ ಶುರುವಾಯಿತು. ಮೊದಲ ಐದು ಬೋರ್ಡು ನಾಡು ನುಡಿಯಲ್ಲಿ ಕಳೆದವು. ಹಿಂದಿನ ಸಾಲಿನವರು ಆಗಲೇ ಊಟದ ಬಾಗಿಲ ಕಡೆ ಕತ್ತು ತಿರುಗಿಸಿದ್ದರು. ಬದರಿ ಕೆಮ್ಮಿದ. ಅದು ಬೋರ್ಡು ಬದಲಿಸುವ ಸನ್ನೆ. ಪಂಚಾಕ್ಷರಿ ಕಾಲು ಜೋಮು ಹಿಡಿದು ವಾಲಿದ. ಬೋರ್ಡುಗಳು ಜಾರಿ ಚೆಲ್ಲಾಪಿಲ್ಲಿಯಾದವು. ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿದ. ಅದು ಎಂಟನೆಯದು.

“ನನ್ನ ಅಪ್ಪ ತೀರಿಕೊಂಡ ದಿನ ನಾನು ಇಲ್ಲಿದ್ದೆ,” ಎಂದು ಗದಿಗೆಪ್ಪನವರು ಓದಿದರು.

ಊಟದ ಬಾಗಿಲಿಗೆ ತಿರುಗಿದ್ದ ಕತ್ತುಗಳು ವೇದಿಕೆಯತ್ತ ಹೊರಳಿದವು. ಯಾರ ಅಪ್ಪ, ಯಾವಾಗ ಎಂಬ ಪೀಠಿಕೆಯೇ ಇಲ್ಲದೆ ಬಂದ ಸಾವು ಎಲ್ಲರ ಎದೆಗೆ ನೇರವಾಗಿ ನಾಟಿತು. ಪಂಚಾಕ್ಷರಿ ಹುಡುಕಿ ಆರನೆಯದನ್ನು ಎತ್ತಿದ.

“ಬೆಳಗ್ಗೆ ಐದಕ್ಕೆ ಅಪ್ಪ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೊರಟ. ಹುಬ್ಬಳ್ಳಿಯಿಂದ ಕುಷ್ಟಗಿಗೆ.”

ಸತ್ತ ಮೇಲೂ ಡ್ಯೂಟಿಗೆ ಹೊರಟ ಆ ಕಂಡಕ್ಟರನ್ನು ಕಂಡು ಮೂರನೇ ಸಾಲಿನ ಹೆಂಗಸೊಬ್ಬರು ಗೊಳೋ ಎಂದರು. ಅಲ್ಲಿಂದ ಅಳು ಸಾಲಿನಿಂದ ಸಾಲಿಗೆ ಹಬ್ಬಿತು. ಗಂಡಸರು ಕನ್ನಡಕ ಒರೆಸಿದರು. ಆಗ ಐದನೇ ಸಾಲಿನಿಂದ ಸನ್ನಿಧಿ ಎದ್ದು ನಿಂತಳು.

“ಮಮ್ಮಿ, ದಟ್ಸ್ ಮೈ ಅಜ್ಜ. ವೈ ಈಸ್ ಅಂಕಲ್ ಸೇಯಿಂಗ್ ಮೈ ಅಜ್ಜ?”

ತಗ್ಗಿನಲ್ಲಿದ್ದ ಪಂಚಾಕ್ಷರಿ ಬೋರ್ಡನ್ನು ಮುಖಕ್ಕೆ ಅಡ್ಡ ಹಿಡಿದ. ಮುಂದಿನ ಸಾಲಿನ ಆಂಟಿಯೊಬ್ಬರು ಹಿಂದಿರುಗಿ ಮಗುವಿನ ಗಲ್ಲ ಸವರಿ, ಪಾಪ, ಇಲ್ಲಿ ಬೆಳೆದ ಮಗುವಿಗೂ ಆ ಅಜ್ಜ ತನ್ನವನೇ ಅನ್ನಿಸಿದನಲ್ಲ, ಇದಲ್ಲವೇ ಭಾಷಣ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅನುಶ್ರೀ ಮಗಳನ್ನು ಎಳೆದು ಕೂರಿಸಿದಳು. ಅವಳ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. ಇಡೀ ಸಭೆಯಲ್ಲಿ ಅಳದೆ ಇದ್ದವರು ಅವಳೂ ಶೈಲಮ್ಮನವರೂ ಇಬ್ಬರೇ.

ಒಂಬತ್ತನೆಯ ಬೋರ್ಡಿಗೆ ಬರುವಷ್ಟರಲ್ಲಿ ಗದಿಗೆಪ್ಪನವರಿಗೆ ಬೋರ್ಡೇ ಬೇಡವಾಗಿತ್ತು. “ರಜಾ ಕೊಡದ ಆ ಮಾಲಕನ್ನ ನಾ ಇವತ್ತಿಗೂ ಕ್ಷಮಿಸಿಲ್ಲ,” ಎಂದು ತಾವೇ ಸೇರಿಸಿದರು. ಪಂಚಾಕ್ಷರಿ ಕೆಳಗಿನಿಂದ ಅವರ ಮುಖ ನೋಡಿದ. ನಾಟಕವಾಡುವವರ ಮುಖವಲ್ಲ ಅದು. ಕೆನ್ನೆಯ ಮೇಲೆ ನಿಜವಾದ ನೀರು ಇಳಿಯುತ್ತಿತ್ತು. ಕೊನೆಯ ಬೋರ್ಡಿನ ಮಾತನ್ನು ಅವರು ಎರಡು ಸಲ ಹೇಳಿದರು. ಎರಡನೆಯ ಸಲ ಕೈ ಎದೆಯ ಮೇಲಿತ್ತು. ಇವತ್ತೇ ನಾನು ಕಂಪನಿಯನ್ನು ಬಿಡುತ್ತೇನೆ.

ಜನ ಎದ್ದು ನಿಂತರು. ಬಿಸಿಬೇಳೆಬಾತು ಮೊದಲ ಬಾರಿಗೆ ಸೋತಿತು. ಕೈ ಎಣಿಸಿದಾಗ ಶಿವರಾಮ್ ಅವರ ಕಡೆ ಇದ್ದುದು ಅವರ ಮನೆಮಂದಿ ಮಾತ್ರ. ಅವರ ಹೆಂಡತಿಯ ಕೈ ಕೂಡ ಅರ್ಧಕ್ಕೆ ಎದ್ದು, ಯಾವ ಕಡೆಗೆಂದು ಮರೆತು, ಹಾಗೇ ನಿಂತಿತ್ತು.

ಊಟದ ಸಾಲಿನಲ್ಲಿ ಪಂಚಾಕ್ಷರಿ ಮಾಲೀಕರ ಹತ್ತಿರ ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಅವರ ಸುತ್ತ ಜನವೋ ಜನ. ಮುದುಕರೊಬ್ಬರು ಕುಷ್ಟಗಿ ಬಸ್ಸಿನಲ್ಲಿ ಅವರ ತಂದೆಯನ್ನು ತಾವೇ ಕಂಡಿದ್ದಾಗಿ, ಅವರು ತಮ್ಮನ್ನು ಟಿಕೇಟಿಲ್ಲದೆ ಕೂರಿಸಿಕೊಂಡಿದ್ದಾಗಿ ಹೇಳುತ್ತಿದ್ದರು. ಗದಿಗೆಪ್ಪನವರು ಹೌದೌದು, ಅಪ್ಪಂದು ಅಂಥಾ ಕರುಳು ಎಂದು ತಲೆದೂಗುತ್ತಿದ್ದರು. ಪಂಚಾಕ್ಷರಿಯ ಅಪ್ಪ ಮೂವತ್ತೊಂದು ವರ್ಷದಲ್ಲಿ ತನ್ನ ಹೆಂಡತಿಯನ್ನೂ ಟಿಕೇಟಿಲ್ಲದೆ ಹತ್ತಿಸಿದವನಲ್ಲ. ಅದನ್ನು ಹೇಳಲು ಅವನು ಬಾಯಿ ತೆರೆದು, ತನಗೇನು ಸಂಬಂಧವೆಂದು ಮತ್ತೆ ಮುಚ್ಚಿದ.

“ಸರ, ಸೋಮವಾರ…” ಎಂದ.

ಗದಿಗೆಪ್ಪನವರು ಅವನನ್ನು ಬರಸೆಳೆದು ತಬ್ಬಿಕೊಂಡರು. “ಪಂಚಾಕ್ಷರಿ, ನಮ್ಮಪ್ಪನ್ನ ನನಗ ಹೊಳ್ಳಿ ಕೊಟ್ಟಿಯಲ್ಲೋ.”

“ಸೋಮವಾರ ನನ್ನ ಫೈಲು, ಸರ.”

“ಯಾವ ಫೈಲು? ಸೋಮವಾರ ನನಗ ಕಂಪನಿ ಎಲ್ಲೈತಿ?” ಅವರ ದನಿ ದೇವಸ್ಥಾನದಲ್ಲಿ ನಿಂತವರ ದನಿಯ ಹಾಗಿತ್ತು. “ನಾನೂರು ಮಂದಿ ಮುಂದ ಮಾತು ಕೊಟ್ಟೀನಿ. ಕಂಡಕ್ಟರ್ ಮಗ ನಾ. ಮಾತು ತಪ್ಪಿದ್ರ ಅಪ್ಪ ಮ್ಯಾಲಿಂದ ನೋಡೂದಿಲ್ಲೇನು?”

ಆಗ ಪಂಚಾಕ್ಷರಿಗೆ ತಿಳಿಯಿತು. ಬೋಸ್ಟನ್ನಿನ ಭಾಷಣ ಕೇಳಿದವರನ್ನು ಮರುಳು ಮಾಡಿತ್ತು. ಅವನದು ಹೇಳಿದವರನ್ನೇ ಮಾಡಿತ್ತು. ಸಭೆ ಎದ್ದು ನಿಂತ ಹತ್ತನೆಯ ನಿಮಿಷಕ್ಕೆ ಶ್ರೀನಿ ಬಂದು, ಮಾತು ಉಳಿಸಿಕೊಳ್ಳಲು ನಾನು ಸಹಾಯ ಮಾಡುತ್ತೇನೆ ಸರ್ ಎಂದು ಕೈ ಚಾಚಿದ್ದ. ಗದಿಗೆಪ್ಪನವರು ಕೈ ಕೊಟ್ಟಿದ್ದರು. ಯಾರೋ ಫೋಟೋ ತೆಗೆದಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮಲಪ್ರಭಾ ಸಿಸ್ಟಮ್ಸ್ ಹುಳಿಯ ಪಾತ್ರೆಗೂ ಹಪ್ಪಳದ ತಟ್ಟೆಗೂ ನಡುವೆ ಕೈ ಬದಲಾಗಿತ್ತು. ಶೈಲಮ್ಮನವರು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ತೆಗೆದು, ಈಗ ಅಳುತ್ತಿದ್ದರು.

ಅನುಶ್ರೀ ದೂರದ ಮೇಜಿನಲ್ಲಿ ಸನ್ನಿಧಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಅವನು ಅಲ್ಲಿಗೆ ಹೋಗಲಾರದೆ ಗೋಡೆಯ ಪಕ್ಕದ ಖಾಲಿ ಮೇಜಿನಲ್ಲಿ ಕುಸಿದು ಕೂತ. ಪಕ್ಕದ ಕುರ್ಚಿ ಎಳೆದುಕೊಂಡು, ತಟ್ಟೆ ಹಿಡಿದು, ಶ್ರೀನಿ ಬಂದು ಕೂತ. ಶ್ರೀನಿಗೆ ಪಂಚಾಕ್ಷರಿಯದೇ ವಯಸ್ಸು. ಒಳ್ಳೆಯ ಶರ್ಟು.

“ನೀವೇ ಅಂತೆ ಬರೆದಿದ್ದು. ಬದರಿ ಹೇಳಿದ್ರು.”

ಪಂಚಾಕ್ಷರಿ ಹಸಿರು ಫೈಲು, ಮೂರನೇ ಡ್ರಾಯರು, ನವೆಂಬರ್ ಮೂವತ್ತು ಎಂದು ಒಂದೇ ಉಸಿರಿಗೆ ಹೇಳಿದ. ಶ್ರೀನಿ ಸಮಾಧಾನವಾಗಿ ಕೇಳಿಸಿಕೊಂಡ. ಅದೇನು ದೊಡ್ಡ ವಿಷಯವಲ್ಲ, ಹದಿನೇಳು ದಿನ ಇದೆ, ನಮ್ಮ ಲಾಯರಿಗೆ ಎರಡು ದಿನ ಸಾಕು ಎಂದ. ಪಂಚಾಕ್ಷರಿಗೆ ಆ ಕ್ಷಣಕ್ಕೆ ಅವನ ಕಾಲು ಮುಟ್ಟುವಷ್ಟು ಪ್ರೀತಿ ಉಕ್ಕಿತು.

“ಒಂದು ಸಣ್ಣ ಕೆಲಸ ಇದೆ,” ಎಂದ ಶ್ರೀನಿ. “ಮುಂದಿನ ಶನಿವಾರ ಪೂರ್ವ ಕರಾವಳಿಯ ಎಲ್ಲಾ ಬಳಗಗಳ ಒಕ್ಕೂಟದ ಎಲೆಕ್ಷನ್. ಅಧ್ಯಕ್ಷ ಸ್ಥಾನಕ್ಕೆ ನಮ್ಮ ಮಾವ ನಿಂತಿದ್ದಾರೆ. ಅವಿರೋಧ ಆಗೋದಿತ್ತು. ಈಗ ಅರ್ಧ ಗಂಟೆ ಕೆಳಗೆ ಗದಿಗೆಪ್ಪನವರೂ ನಿಲ್ತೀನಿ ಅಂದ್ರಂತೆ. ಅದೇ ಭಾಷಣ ಅಲ್ಲೂ ಮಾಡ್ತಾರೆ. ಆ ಕಂಡಕ್ಟರನ್ನ ಹೊಡೆಯೋ ಅಂಥದ್ದೊಂದು ಬೇಕು ನಮಗೆ. ಮಾವ ಗೆದ್ರೆ ಸೋಮವಾರ ಬೆಳಗ್ಗೆ ಸಹಿ.”

ಪಂಚಾಕ್ಷರಿ ನೀರು ಕುಡಿದ.

“ಮಾವಂಗೆ ಅಂಥ ಕಷ್ಟ ಏನೂ ಬಂದಿಲ್ಲ ಲೈಫಲ್ಲಿ,” ಎಂದು ಶ್ರೀನಿ ದನಿ ತಗ್ಗಿಸಿದ. “ನಿಮ್ಮ ಹತ್ರ ಬೇರೆ ಏನಾದ್ರೂ ಇದೆಯಾ?”

ಪಂಚಾಕ್ಷರಿ ಅನುಶ್ರೀಯ ಮೇಜಿನ ಕಡೆ ನೋಡಿದ. ಅವಳು ಇತ್ತಲೇ ನೋಡುತ್ತಿದ್ದಳು. ಅವನು ಮುಖ ತಿರುಗಿಸಿದ.

“ನಮ್ಮವ್ವ ಹೊಲಿಗಿ ಮಾಡ್ತಿದ್ದರು ಸರ,” ಎಂದ. “ಓಣಿ ಮಕ್ಕಳಿಗೆಲ್ಲಾ ಹೊಸ ಅಂಗಿ. ಉಳಿದ ತುಂಡು ಕೂಡಿಸಿ ನನಗೊಂದು. ಒಂದೇ ಬಣ್ಣದ ಅಂಗಿ ನಾ ಮೊದಲ ಸಲ ಹಾಕ್ಕೊಂಡಿದ್ದು ಕಾಲೇಜಿನಾಗ.”

ಶ್ರೀನಿಯ ಚಮಚ ತಟ್ಟೆಯಲ್ಲೇ ನಿಂತಿತು.

“ಚೆನ್ನಾಗಿದೆ. ಇದು ಕಂಡಕ್ಟರ್‌ಗಿಂತ ಚೆನ್ನಾಗಿದೆ. ಯಾವಾಗ ಹೋದ್ರು?”

“ಇಲ್ಲ ಸರ, ಇದ್ದಾರ. ಹುಬ್ಬಳ್ಳಿಯಾಗ. ದಿನಾ ಮುಂಜಾನೆ ಮಾತಾಡ್ತೀವಿ.”

“ಓ, ಇದ್ದಾರಾ.” ಶ್ರೀನಿಯ ಮುಖ ಸ್ವಲ್ಪ ಬಾಡಿತು. ಹಪ್ಪಳ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡು ಯೋಚಿಸಿದ. “ಪರವಾಗಿಲ್ಲ ಬಿಡಿ. ಶನಿವಾರದ ಹೊತ್ತಿಗೆ ಏನಾದ್ರೂ ಮಾಡೋಣ.”

“ಆಗಲಿ ಸರ,” ಎಂದ ಪಂಚಾಕ್ಷರಿ.